ನಿಮ್ಮ ಲೇಖನದಲ್ಲಿ ‘ಮತ್ತು’ ಜಾಸ್ತಿಯಾಯಿತು

ನಮಸ್ಕಾರ.

ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ಕೆಂಪು ಪೆನ್ನು ಹಿಡಿದು. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ನಿರಾಳ. ‘ಪ್ರಕಟಣೆಗೆ ಸ್ವೀಕರಿಸಿಲ್ಲ’ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಾಲ್ಕನೇ ಪುಟದ ಒಂದು ವಾಕ್ಯ ನನ್ನನ್ನು ಬಿಡಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಎತ್ತಿಕೊಂಡ ವಿಷಯ ಚೆನ್ನಾಗಿದೆ. ‘ದಿ ಎಕ್ಸ್-ಫೈಲ್ಸ್’ ಅನ್ನುವ ಧಾರಾವಾಹಿ 1993ರಿಂದ 2002ರವರೆಗೆ ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಬಂತು. 9 ಸೀಸನ್, 202 ಕಂತು. ವಿಚಿತ್ರ ಪ್ರಕರಣಗಳ ಬೆನ್ನು ಹತ್ತುವ ಅದರ ಎಫ್‌ಬಿಐ ಪತ್ತೇದಾರರು ಮಲ್ಡರ್, ಸ್ಕಲಿ ಅಂದರೆ ಇವತ್ತಿಗೂ ಕಿವಿ ನೆಟ್ಟಗೆ ಮಾಡುವವರಿದ್ದಾರೆ. ಅದನ್ನು ಬರೆದವರು ಬಿಟ್ಟ ಮೇಲೆ ಎಲ್ಲಿ ಹೋದರು, ಯಾರ ಜೊತೆ ಸೇರಿದರು, ಯಾರಿಂದ ದೂರವಾದರು ಅನ್ನುವುದು ನಿಮ್ಮ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಉತ್ತರ ಅಂತ ನೀವು ಕೊಟ್ಟಿದ್ದು ಮಾತ್ರ ಮದುವೆ ಮನೆಯ ಮುಯ್ಯಿ ಪಟ್ಟಿ. ಹನ್ನೊಂದು ಹೆಸರು, ನಲವತ್ತಕ್ಕೂ ಮಿಕ್ಕಿದ ಧಾರಾವಾಹಿ, ಸಿನಿಮಾ. ಯಾರು ಎಷ್ಟು ಹಾಕಿದರು ಅಂತ ಗೊತ್ತಾಗುತ್ತದೆ. ಮದುವೆ ಹೇಗೆ ನಡೆಯಿತು ಅಂತ ಗೊತ್ತಾಗುವುದಿಲ್ಲ.

‘ಸತ್ಯ ಎಲ್ಲೋ ಹೊರಗಿದೆ’ ಅನ್ನುವ ಮೊದಲ ಸಾಲು, ಅಂದರೆ ಧಾರಾವಾಹಿಯ ಘೋಷವಾಕ್ಯ, ತೆಗೆದುಬಿಡಿ. ಈ ಧಾರಾವಾಹಿಯ ಬಗ್ಗೆ ಯಾರು ಬರೆದರೂ ಅದೇ ಬಾಗಿಲಿನಿಂದ ಒಳಗೆ ಬರುತ್ತಾರೆ.

ಆಮೇಲೆ ಎಕ್ಸ್-ಫೈಲ್ಸ್ ಬರಹಗಾರರಲ್ಲಿ ಒಬ್ಬರಾದ ವಿನ್ಸ್ ಗಿಲಿಗನ್. ಒಟ್ಟು ಲೇಖನದ ಅರ್ಧ ಅವರಿಗೇ ಹೋಗಿದೆ. ‘ಬ್ರೇಕಿಂಗ್ ಬ್ಯಾಡ್’ ಯಾರದು ಅಂತ ನಮ್ಮ ಓದುಗರಿಗೆ ಗೊತ್ತು. ಅವರ ಪ್ರಶಸ್ತಿಗಳ ಸಾಲು ನೋಡಿದರೆ ಸನ್ಮಾನ ಸಮಾರಂಭದ ಸ್ವಾಗತ ಭಾಷಣ ನೆನಪಾಯಿತು. ಅದರ ನಡುವೆ ಒಂದು ಕಡೆ ‘ಅವರಿಗೆ ಇದ್ದಕ್ಕಿದ್ದಂತೆ ಈ ಕಥೆ ಹೊಳೆಯಿತು’ ಅಂತ ಬರೆದಿದ್ದೀರಿ. ಹೊಳೆದದ್ದು ಹೇಗೆ ಅಂತ ಸ್ವಲ್ಪ ಹುಡುಕಿದ್ದರೆ ನಿಮ್ಮ ವಿಷಯವೇ ಅಲ್ಲಿ ಸಿಗುತ್ತಿತ್ತು. ಎಕ್ಸ್-ಫೈಲ್ಸ್ ಮುಗಿದಿತ್ತು. ಗಿಲಿಗನ್ ಕೆಲಸ ಹುಡುಕುತ್ತಿದ್ದರು. ಅದೇ ತಂಡದಲ್ಲಿದ್ದ ಥಾಮಸ್ ಷ್ನಾಜ್ ಅವರದೂ ಅದೇ ಕಥೆ. ಇಬ್ಬರೂ ನ್ಯೂಯಾರ್ಕಿನಲ್ಲಿ ಒಂದೇ ಕಡೆ ಸಿನಿಮಾ ಓದಿದವರು. ಒಂದು ದಿನ ಫೋನಿನಲ್ಲಿ, ಮುಂದೇನು ಮಾಡೋಣ ಅನ್ನುವ ಮಾತು ಬಂತು. ಒಂದು ಗಾಡಿ ತಗೊಂಡು ಅದರ ಹಿಂದೆ ಮೆತ್ ಅನ್ನುವ ಮಾದಕ ವಸ್ತು ಬೇಯಿಸುತ್ತಾ ಊರೂರು ಸುತ್ತಬಹುದು ಅಂತ ಷ್ನಾಜ್ ತಮಾಷೆ ಮಾಡಿದರು. ಆ ಗಾಡಿ ಗಿಲಿಗನ್ ತಲೆಯಲ್ಲಿ ಉಳಿಯಿತು. 2008ರಲ್ಲಿ ‘ಬ್ರೇಕಿಂಗ್ ಬ್ಯಾಡ್’ ಆಗಿ ಟಿವಿಗೆ ಬಂತು. ಮುಂದೆ ಷ್ನಾಜ್ ಕೂಡ ಅದೇ ಧಾರಾವಾಹಿಗೆ ಬರೆಯಲು ಬಂದರು. ಇಬ್ಬರು ಕೆಲಸವಿಲ್ಲದ ಬರಹಗಾರರ ಒಂದು ಫೋನ್ ಕರೆಯನ್ನು ನೀವು ‘ಹೊಳೆಯಿತು’ ಅನ್ನುವ ಒಂದು ಕ್ರಿಯಾಪದದಲ್ಲಿ ಮುಚ್ಚಿಬಿಟ್ಟಿದ್ದೀರಿ. ಇದನ್ನು ಇಟ್ಟುಕೊಳ್ಳಿ. ಗಿಲಿಗನ್ ಬಗ್ಗೆ ಉಳಿದದ್ದೆಲ್ಲ ಹೋಗಲಿ.

ಈಗ ‘ಮತ್ತು’ ವಿಷಯ. ನಿಮ್ಮ ಲೇಖನದಲ್ಲಿ ಯಾವ ಎರಡು ಹೆಸರು ಪಕ್ಕ ಪಕ್ಕ ಬಂದರೂ ನಡುವೆ ‘ಮತ್ತು’ ಇದೆ. ತಪ್ಪು ಕನ್ನಡದ್ದಲ್ಲ. ಆದರೆ ಅಮೆರಿಕದ ಟಿವಿ ಪರದೆಯ ಮೇಲೆ ಹೆಸರು ಬರುವಾಗ ಅಲ್ಲಿನ ಬರಹಗಾರರ ಸಂಘ, ರೈಟರ್ಸ್ ಗಿಲ್ಡ್, ಒಂದು ಕಟ್ಟುನಿಟ್ಟಿನ ನಿಯಮ ಇಟ್ಟಿದೆ. ಇಬ್ಬರು ಜೋಡಿಯಾಗಿ ಕೂತು ಬರೆದಿದ್ದರೆ ನಡುವೆ & ಚಿಹ್ನೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬೇರೆಯಾಗಿ ತಿದ್ದಿ ಬರೆದಿದ್ದರೆ ಅಕ್ಷರ ಬಿಡಿಸಿ ಬರೆದ ‘ಆ್ಯಂಡ್’. ಅವರು ಒಬ್ಬರ ಮುಖ ಒಬ್ಬರು ನೋಡಿರಲೇಬೇಕು ಅಂತಿಲ್ಲ. ಕನ್ನಡದಲ್ಲಿ ಎರಡಕ್ಕೂ ‘ಮತ್ತು’ ಹಾಕಿ ನೀವು ಎಲ್ಲರಿಗೂ ಗಂಟು ಹಾಕಿಸಿದ್ದೀರಿ. ಜೊತೆಯಾಗಿ ಬರೆದರು, ತಿದ್ದಿ ಬರೆದರು ಅಂತ ಬಿಡಿಸಿ ಹೇಳಿ. ನಮ್ಮಲ್ಲಿ ಕ್ರಿಯಾಪದಕ್ಕೇನು ಬರವೇ?

ಆ ಚಿಹ್ನೆಯ ಹಿಂದೆ ದುಡ್ಡಿನ ಲೆಕ್ಕವೂ ಇದೆ. & ಜೋಡಿ ಅಂದರೆ ಸಂಬಳ ಒಬ್ಬರದು, ಹಂಚಿಕೊಳ್ಳುವವರು ಇಬ್ಬರು. ಬಾಡಿಗೆ ಎರಡು ಮನೆಯದು. 2023ರಲ್ಲಿ 148 ದಿನ ಮುಷ್ಕರ ಮಾಡಿದ ಮೇಲೆ, ಪಿಂಚಣಿ ಮತ್ತು ಆರೋಗ್ಯ ನಿಧಿಯ ವಂತಿಗೆಯನ್ನಾದರೂ ಜೋಡಿಯ ಇಬ್ಬರಿಗೂ ಬೇರೆ ಬೇರೆಯಾಗಿ, ಪೂರ್ತಿಯಾಗಿ ಲೆಕ್ಕ ಹಾಕಬೇಕು ಅಂತಾಯಿತು. ಇಷ್ಟು ಹೇಳಿದರೆ ಓದುಗರಿಗೆ ಜೊತೆಗಾರಿಕೆ ಅನ್ನುವುದರ ತೂಕ ತಿಳಿಯುತ್ತದೆ.

ನನಗೂ ಇದರ ರುಚಿ ಗೊತ್ತು. ಹಿಂದೆ ಒಬ್ಬ ಗೆಳೆಯನ ಜೊತೆ ಎರಡು ವರ್ಷ ಅಂಕಣ ಬರೆದಿದ್ದೆ. ಸಂಭಾವನೆ ಹಂಚಿಕೊಂಡಿದ್ದಕ್ಕೆ ಜಗಳ ಆಗಲಿಲ್ಲ. ಒಂದು ‘ಆದರೆ’ ಎಲ್ಲಿ ಬರಬೇಕು ಅಂತ ಆಯಿತು. ಇರಲಿ.

ನಾಲ್ಕನೇ ಪುಟಕ್ಕೆ ಬರೋಣ. ಅಲ್ಲಿ ನೀವು ಬರೆದದ್ದು: ‘1994ರಲ್ಲಿ ಅಲೆಕ್ಸ್ ಗಾನ್ಸಾ ತಂಡ ತೊರೆದರು; ಹೊವರ್ಡ್ ಗಾರ್ಡನ್ ಮುಂದುವರಿದರು.’ ಅಷ್ಟೇ. ಮುಂದಿನ ಸಾಲಿನಲ್ಲಿ ಬೇರೆ ಯಾರೋ ಬಂದಿದ್ದಾರೆ. ನಾನು ಅಲ್ಲೇ ನಿಂತೆ. ಇವರಿಬ್ಬರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಗೆಳೆಯರಾದವರು. ‘ಬ್ಯೂಟಿ ಅಂಡ್ ದ ಬೀಸ್ಟ್’ ಧಾರಾವಾಹಿಗೆ ಒಟ್ಟಿಗೆ ಬರೆದರು. ಎಕ್ಸ್-ಫೈಲ್ಸ್ ಶುರುವಾದಾಗ ಅದರ ಸೃಷ್ಟಿಕರ್ತ ಕ್ರಿಸ್ ಕಾರ್ಟರ್ ಇಬ್ಬರನ್ನೂ ಜೋಡಿಯಾಗಿಯೇ ಕರೆತಂದರು. ಮೊದಲ ಸೀಸನ್‌ನ ‘ಫಾಲನ್ ಏಂಜಲ್’ ಥರದ ಕಂತುಗಳಲ್ಲಿ ಹೆಸರು ಹೀಗೇ ಬರುತ್ತದೆ: ಗಾರ್ಡನ್, ನಡುವೆ &, ಗಾನ್ಸಾ. ಸೀಸನ್ ಮುಗಿದ ಮೇಲೆ ಗಾನ್ಸಾ ಹೊರಟರು. ಎರಡನೇ ಸೀಸನ್‌ನಲ್ಲಿ ‘ಸ್ಲೀಪ್‌ಲೆಸ್’ ಅನ್ನುವ ಕಂತು ಬಂತು. ಅದರಲ್ಲಿ ಹೊವರ್ಡ್ ಗಾರ್ಡನ್ ಒಂದೇ ಹೆಸರು. ಅಷ್ಟು ವರ್ಷ ಇಬ್ಬರು ಕೂತ ಮೇಜಿಗೆ ಒಬ್ಬರೇ ಕೂತು ಬರೆದ ಮೊದಲ ಕಂತು ಅದು. ಆ ಕಂತನ್ನು ನೋಡಿದ್ದೀರಾ? ನಿದ್ದೆ ಬಾರದ ಸೈನಿಕರ ಕಥೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಗಾರ್ಡನ್ ಗೆಳೆಯನಿಲ್ಲದೆ ನಿದ್ದೆಗೆಟ್ಟರು ಅಂತೆಲ್ಲ ಬರೆಯಬೇಡಿ. ಗಾನ್ಸಾ ಯಾಕೆ ಹೋದರು ಅನ್ನುವುದಕ್ಕೂ ನಿಮ್ಮ ಊಹೆ ಸೇರಿಸಬೇಡಿ. ಆದರೆ ಕಂತು ನೋಡಿ, ಹೆಸರು ಬರುವ ಆ ಕ್ಷಣವನ್ನು ಓದುಗರಿಗೆ ತೋರಿಸಿ.

ಮುಂದಿನದು ಇನ್ನೂ ಚೆನ್ನಾಗಿದೆ. ಗಾರ್ಡನ್ ನಾಲ್ಕನೇ ಸೀಸನ್ ಮುಗಿಸಿ 1997ರಲ್ಲಿ ಬಿಟ್ಟರು. ಅದೇ ವರ್ಷ ‘ಬಫಿ’ ಧಾರಾವಾಹಿಗೆ ಮಾರ್ಟಿ ನಾಕ್ಸನ್ ಜೊತೆ ಒಂದು ಕಂತು ಬರೆದರು. 2001ರಲ್ಲಿ ‘24’ ಅನ್ನುವ ಧಾರಾವಾಹಿ ಶುರುವಾದಾಗ ಅಲ್ಲಿದ್ದರು. ಗಾನ್ಸಾ ಅಷ್ಟರೊಳಗೆ ‘ಡಾಸನ್ಸ್ ಕ್ರೀಕ್’ನಲ್ಲಿ ಹೈಸ್ಕೂಲ್ ಹುಡುಗರ ಪ್ರೇಮ ಪ್ರಕರಣ ನೋಡಿಕೊಂಡಿದ್ದರು. ಕೊನೆಗೆ ‘24’ರ ಏಳನೇ ಸೀಸನ್ ಹೊತ್ತಿಗೆ ಗಾನ್ಸಾ ಹಳೆಯ ಗೆಳೆಯನ ತಂಡಕ್ಕೆ ಬಂದರು. ಎಂಟನೇ ಸೀಸನ್‌ನಲ್ಲಿ ನಮ್ಮ ಅನಿಲ್ ಕಪೂರ್ ಇದ್ದಾರಲ್ಲ, ಅದಕ್ಕೂ ಇವರಿಬ್ಬರೂ ಇದ್ದರು. ಆಮೇಲೆ ಗಿಡಿಯನ್ ರಾಫ್ ಅವರ ಇಸ್ರೇಲಿ ಧಾರಾವಾಹಿಯೊಂದನ್ನು ಇಟ್ಟುಕೊಂಡು ಇಬ್ಬರೂ ಸೇರಿ ‘ಹೋಮ್‌ಲ್ಯಾಂಡ್’ ಮಾಡಿದರು. 2011ರಲ್ಲಿ ಪ್ರಸಾರ ಶುರು. 2012ರಲ್ಲಿ ಅತ್ಯುತ್ತಮ ಡ್ರಾಮಾಕ್ಕೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು. ಬರವಣಿಗೆಗೂ ಬಂತು, ರಾಫ್ ಜೊತೆ ಇವರಿಬ್ಬರ ಹೆಸರಿಗೆ. ದಿನನಿತ್ಯದ ಚುಕ್ಕಾಣಿ ಈ ಸಲ ಗಾನ್ಸಾ ಕೈಯಲ್ಲಿತ್ತು. ಹಿಂದೆ ಹೊರಟು ಹೋದವರ ಕೈಯಲ್ಲಿ!

ಇದು ನಿಮ್ಮ ಲೇಖನ. ಒಂದು ಅರ್ಧವಿರಾಮ ಚಿಹ್ನೆಯ ಹಿಂದೆ ಇಷ್ಟು ಸಂಗತಿ ಸಿಕ್ಕಿಹಾಕಿಕೊಂಡಿದೆ.

ಪಕ್ಕದಲ್ಲಿ ಇನ್ನೊಂದು ಜೋಡಿ ಬೇಕಿದ್ದರೆ ಗ್ಲೆನ್ ಮಾರ್ಗನ್, ಜೇಮ್ಸ್ ವಾಂಗ್ ಸಾಕು. ಇವರು ಹೈಸ್ಕೂಲಿನಿಂದಲೇ ಗೆಳೆಯರು. ಇವರದು ಉಲ್ಟಾ ಕಥೆ. ಬಿಡುವಾಗ ಇಬ್ಬರೂ ಒಟ್ಟಿಗೇ ಬಿಟ್ಟರು, ಎರಡನೇ ಸೀಸನ್ ಅರ್ಧದಲ್ಲೇ. ‘ಸ್ಪೇಸ್: ಅಬವ್ ಅಂಡ್ ಬಿಯಾಂಡ್’ ಅಂತ ತಮ್ಮದೇ ಧಾರಾವಾಹಿ ಮಾಡಿದರು. ಅದು ಒಂದೇ ಸೀಸನ್‌ಗೆ ಮುಗಿಯಿತು. ನಾಲ್ಕನೇ ಸೀಸನ್‌ಗೆ ಇಬ್ಬರೂ ಎಕ್ಸ್-ಫೈಲ್ಸ್‌ಗೆ ವಾಪಸ್ ಬಂದು ನಾಲ್ಕು ಕಂತು ಕೊಟ್ಟರು; ಮೂರನ್ನು ಜೊತೆಯಾಗಿ ಬರೆದರು, ಒಂದನ್ನು ಮಾರ್ಗನ್ ಒಬ್ಬರೇ ಬರೆದು ವಾಂಗ್ ನಿರ್ದೇಶಿಸಿದರು. ನೀವು ಇದನ್ನು ‘ಮರಳಿ ಗೂಡಿಗೆ’ ಅಂತ ಕರೆದು ಮುಂದೆ ಹೋಗಿದ್ದೀರಿ. ಆ ನಾಲ್ಕು ಕಂತುಗಳ ಪಾತ್ರವರ್ಗ ನೋಡಿ. ನಾಲ್ಕರಲ್ಲೂ ಅವರ ನಿಂತುಹೋದ ಧಾರಾವಾಹಿಯ ಒಬ್ಬೊಬ್ಬ ನಟರಿದ್ದಾರೆ. ಟಕರ್ ಸ್ಮಾಲ್‌ವುಡ್, ಕ್ರಿಸ್ಟನ್ ಕ್ಲೋಕ್, ಮಾರ್ಗನ್ ವೈಸರ್, ರಾಡ್ನಿ ರೋಲಂಡ್. ಅಂಗಡಿ ಮುಚ್ಚಿದರೂ ಕೆಲಸದವರನ್ನು ಬೀದಿಗೆ ಬಿಡಲಿಲ್ಲ ಅನ್ನಿ. ನೀವು ‘ಅವರ ಸ್ನೇಹಪರತೆ ಅನನ್ಯ’ ಅಂತ ಹೊಗಳುವ ಬದಲು ಈ ನಾಲ್ಕು ಹೆಸರು ಬರೆದರೆ ಸಾಕಿತ್ತು.

2000ದಲ್ಲಿ ಇವರು ಮಾಡಿದ ‘ಫೈನಲ್ ಡೆಸ್ಟಿನೇಷನ್’ ಸಿನಿಮಾಕ್ಕೆ ನೀವು ಕೊಟ್ಟಿದ್ದು ಮೂರು ಪದ. ಆ ಕಥೆ ಹುಟ್ಟಿದ್ದೇ ಎಕ್ಸ್-ಫೈಲ್ಸ್‌ಗೆ ಅಂತ ಜೆಫ್ರಿ ರೆಡಿಕ್ ಬರೆದ ಒಂದು ಮಾದರಿ ಕಂತಿನಿಂದ. ಧಾರಾವಾಹಿಯ ಒಳಗೆ ಯಾವತ್ತೂ ಇರದಿದ್ದ ಹುಡುಗನ ಕಥೆ ಸಿನಿಮಾ ಆಗುವಾಗ, ಧಾರಾವಾಹಿಯಿಂದ ಹೊರಬಂದ ಇಬ್ಬರು ಅದನ್ನು ತಿದ್ದಿ ಬರೆದರು, ವಾಂಗ್ ನಿರ್ದೇಶಿಸಿದರು. ಬರಹ ಕಳಿಸಿ ಉತ್ತರಕ್ಕೆ ಕಾಯುವ ನಿಮ್ಮಂಥವರಿಗೇ ಈ ಸಂಗತಿ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ಆಶ್ಚರ್ಯವಾಯಿತು.

2016ರಲ್ಲಿ ಎಕ್ಸ್-ಫೈಲ್ಸ್ ಮತ್ತೆ ಶುರುವಾದಾಗ ಈ ಇಬ್ಬರೂ ಬಂದರು. ಆದರೆ ಒಂದು ಕಂತು ವಾಂಗ್ ಬರೆದು ನಿರ್ದೇಶಿಸಿದರು, ಇನ್ನೊಂದನ್ನು ಮಾರ್ಗನ್. ನಡುವೆ & ಇಲ್ಲ. ಮುನಿಸಿಗೂ ಇದಕ್ಕೂ ಗಂಟು ಹಾಕಬೇಡಿ, ಇಬ್ಬರೂ ಅಷ್ಟರಲ್ಲಿ ನಿರ್ದೇಶಕರಾಗಿದ್ದರು. ಹಾಗೇ ಇದ್ದದ್ದನ್ನು ಹೇಳಿ.

ಕೊನೆಯಲ್ಲಿ ‘ಮಾಯಾಮೃಗ’ದ ಬಗ್ಗೆ ಒಂದು ಪ್ಯಾರಾ ಅಂಟಿಸಿದ್ದೀರಿ. ಅದು ಇಲ್ಲಿ ಬೇಡ. ಬೇಡ ಅಂದರೆ ಬಿಸಾಡಿ ಅಂತಲ್ಲ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ 1998ರಲ್ಲಿ ಮಾಡಿದ ಆ ಧಾರಾವಾಹಿ, ಆಮೇಲೆ ಸೀತಾರಾಮ್ ‘ಮನ್ವಂತರ’, ‘ಮುಕ್ತ’ ಅಂತ ಹೋದದ್ದು, ಶೇಷಾದ್ರಿ ಸಿನಿಮಾ ಕಡೆ ತಿರುಗಿದ್ದು, ಇದೇ ಒಂದು ಬೇರೆ ಲೇಖನ. ಹಾಲಿವುಡ್‌ಗೆ ಬಾಲಂಗೋಚಿ ಆಗಿ ಬರಬಾರದು. ಅದನ್ನು ಬರೆಯುವಾಗ ಇಂಟರ್ನೆಟ್ ಮುಂದೆ ಕೂರಬೇಡಿ. ಹೋಗಿ ಕೇಳಿ, ನಿಮ್ಮ ಊರಿನಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು.

ಈ ಲೇಖನಕ್ಕೆ 1500 ಪದ ಕೊಡುತ್ತೇನೆ. ಹಳೆಯ ಫೈಲ್ ತೆರೆದು ತಿದ್ದಲು ಹೋಗಬೇಡಿ, ಹನ್ನೊಂದು ಜನ ಮತ್ತೆ ಒಳಗೆ ನುಗ್ಗುತ್ತಾರೆ. ಹೊಸದಾಗಿ ಬರೆಯಿರಿ. ‘ಸ್ಲೀಪ್‌ಲೆಸ್’ ಕಂತಿನ ಆ ಒಂಟಿ ಹೆಸರಿನಿಂದ ಶುರು ಮಾಡಬಹುದು ಅಂತ ನನಗನ್ನಿಸುತ್ತದೆ. ನಿಮಗೆ ಬೇರೆ ಹೊಳೆದರೆ (ನೋಡಿ, ನಾನೂ ಹೊಳೆಸಿಬಿಟ್ಟೆ) ಹಾಗೇ ಮಾಡಿ.

ಇನ್ನೊಂದು ವಿಷಯ. ದಯವಿಟ್ಟು ಯುನಿಕೋಡ್‌ನಲ್ಲಿ ಕಳಿಸಿ. ನುಡಿ ತಂತ್ರಾಂಶದಿಂದ ಬದಲಿಸುವಾಗ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿವೆ. ನಿಮ್ಮ ಲೇಖನದ ಉದ್ದಕ್ಕೂ ಹೊವರ್ಡ್ ಗಾರ್ಡನ್ ಪಾಪ ‘ಗಾಡರ್ನ್’ ಆಗಿ ಓಡಾಡುತ್ತಿದ್ದಾರೆ.