ಜೇಡಿಮಣ್ಣಲ್ಲಿ ಐರಿಸ್ ಗೆಡ್ಡೆ ಕೊಳೆಯುತ್ತಿದ್ದರೆ
ನಿಮ್ಮ ಐರಿಸ್ ಹೂಗಿಡದ ಎಲೆ ಹಳದಿ, ಗೆಡ್ಡೆ ಮೆತ್ತಗಾಗಿ ನಾತ ಬರುತ್ತಿದೆ ಅಂದಿದ್ದೀರಿ. ಇದು ಗೊಬ್ಬರದ ಕೊರತೆ ಅಲ್ಲ, ಜೇಡಿಮಣ್ಣಲ್ಲಿ ನೀರು ನಿಂತು ಕೊಳೆಯುತ್ತಿರಬೇಕು. ಅನುಮಾನವಿದ್ದರೆ ಒಂದಡಿ ಗುಂಡಿ ತೋಡಿ ನೀರು ತುಂಬಿ ನೋಡಿ. ಮರುದಿನವೂ ನಿಂತಿದ್ದರೆ ಅದೇ ಕಾರಣ.

ಮೊದಲು ಗೆಡ್ಡೆ ಕಿತ್ತು, ಗಟ್ಟಿ ತಿರುಳು ಕಾಣುವವರೆಗೂ ಮೆತ್ತಗಿನ ಭಾಗ ಕತ್ತರಿಸಿ, ಒಂದೆರಡು ದಿನ ನೆರಳಲ್ಲಿ ಒಣಗಲು ಬಿಡಿ. ಅಷ್ಟರಲ್ಲಿ ಮಣ್ಣನ್ನು ಒಂದಡಿ ಆಳ ಸಡಿಲಿಸಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಎರಡು ಇಂಚು ಹರಡಿ ಬೆರೆಸಿ, ಅರ್ಧ ಅಡಿ ಏರುಮಡಿ ಮಾಡಿ. ಸುಮ್ನೆ ಒಂದಿಷ್ಟು ಮರಳು ಸುರಿಯಬೇಡಿ, ಮಣ್ಣು ಇನ್ನೂ ಗಟ್ಟಿಯಾಗುತ್ತೆ. ಹಸಿ ಸಗಣಿ, ಯೂರಿಯಾ ಎರಡೂ ಬೇಡ. ನೆಡುವಾಗ ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುತ್ತಿರಲಿ.

ನಿಮ್ಮದು ಗಡ್ಡದ ಐರಿಸ್ ಅಂದುಕೊಂಡು ಹೇಳಿದೆ. ಕೆಳ ಎಸಳಲ್ಲಿ ಬ್ರಶ್‌ನಂಥ ಕುಚ್ಚು ಇಲ್ಲದಿದ್ದರೆ ಬೇರೆ ಬಗೆ, ಫೋಟೋ ಹಾಕಿ.