ಅಂಕ ಬಿಡಿ, ನಿಮಿಷ ಎಣಿಸಿ

(ಮೈಸೂರಿನ ಓದುಗರೊಬ್ಬರ ಪತ್ರದ ಸಾರ: ಅಮೆರಿಕದಲ್ಲಿ ಓದುತ್ತಿರುವ ಮಗನಿಂದ ಅಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲಿನ ಹುಚ್ಚು ನನಗೂ ಹತ್ತಿದೆ. ಅವರ ತಂಡದಲ್ಲಿ ಬುಟ್ಟಿಯ ಬಳಿಯೇ ಆಡುವ ಏಳಡಿ ಎತ್ತರದ ಸೆಂಟರ್ ಆಟಗಾರ ಅಂಗಳಕ್ಕಿಳಿದಾಗಲೆಲ್ಲ ಮಿಂಚುತ್ತಾನೆ, ಆದರೆ ಅರ್ಧ ಪಂದ್ಯ ಬೆಂಚಿನ ಮೇಲೇ ಇರುತ್ತಾನೆ. ‘ಮುಂದಿನ ವರ್ಷ ಇವನೇ ಹೀರೊ’ ಎನ್ನುತ್ತಾನೆ ಮಗ. ಇದು ಲೆಕ್ಕವೋ, ಬರೀ ಅಭಿಮಾನವೋ?)

ಮಾನ್ಯರೇ,

ಅಭಿಮಾನವೇ ಇರಬಹುದು, ಆದರೆ ನಿಮ್ಮ ಮಗನನ್ನು ತಳ್ಳಿಹಾಕುವ ಮೊದಲು ಜ್ಯಾಕ್ ಈಡಿಯ ಲೆಕ್ಕ ನೋಡಿ. ಟೊರಾಂಟೊದ ಈ 7 ಅಡಿ 4 ಅಂಗುಲದ ಹುಡುಗ ಮೊದಲು ಆಡುತ್ತಿದ್ದದ್ದು ಐಸ್ ಹಾಕಿ, ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹೈಸ್ಕೂಲಿನಲ್ಲಿ, ಅದೂ ತಡವಾಗಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷ, ಅಂದರೆ 2021-22ರಲ್ಲಿ, ಪಂದ್ಯಕ್ಕೆ ಸರಾಸರಿ 14.4 ಅಂಕ, 7.7 ರಿಬೌಂಡ್ (ಬುಟ್ಟಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು). ಮರುವರ್ಷ 22.3 ಅಂಕ, 12.9 ರಿಬೌಂಡ್, ದೇಶದ ಅತ್ಯುತ್ತಮ ಕಾಲೇಜು ಆಟಗಾರನೆಂಬ ಪಟ್ಟ. ಒಂದೇ ಬೇಸಿಗೆಯಲ್ಲಿ ಏನು ಪವಾಡ ನಡೆಯಿತು?

ಪವಾಡವೇನೂ ನಡೆಯಲಿಲ್ಲ. ಎರಡನೆಯ ವರ್ಷ ಅವನು ಆಡಿದ್ದು ಪಂದ್ಯಕ್ಕೆ 19 ನಿಮಿಷ, ಮೂರನೆಯ ವರ್ಷ ಹತ್ತಿರಹತ್ತಿರ 32. ಎರಡನ್ನೂ ಕಾಲೇಜು ಪಂದ್ಯದ ಪೂರ್ಣ 40 ನಿಮಿಷಕ್ಕೆ ಹೊಂದಿಸಿದರೆ ಅಂಕಗಳು ಸುಮಾರು 30ರಿಂದ 28ಕ್ಕೆ ಇಳಿದಿವೆ! ರಿಬೌಂಡ್ ಎರಡೂ ವರ್ಷ 16ರ ಆಸುಪಾಸು. ಕೌಶಲ ಮೊದಲೇ ಇತ್ತು. ಬಂದದ್ದು ದಮ್ಮು ಮತ್ತು ಜಾಗ. ಅವನೊಂದಿಗೆ ನಿಮಿಷ ಹಂಚಿಕೊಳ್ಳುತ್ತಿದ್ದ ಹಿರಿಯ ಆಟಗಾರ ಟ್ರೆವಿಯನ್ ವಿಲಿಯಮ್ಸ್ ಕಾಲೇಜು ಮುಗಿಸಿ ಹೋಗಿದ್ದ. 130 ಕಿಲೋ ದಾಟಿದ ದೇಹವನ್ನು 94 ಅಡಿ ಅಂಗಳದ ಈ ತುದಿಯಿಂದ ಆ ತುದಿಗೆ ಹೊತ್ತೊಯ್ದು, ಏದುಸಿರಿನಲ್ಲೇ ಕೈ ಮೇಲೆತ್ತಿ, ಎದುರಾಳಿಯ ಮೈ ಮುಟ್ಟದೆ ನಿಲ್ಲುವುದು ಸಾಮಾನ್ಯವಲ್ಲ. ದಣಿದ ದೈತ್ಯ ಕಾಲು ಸರಿಸುವ ಬದಲು ಕೈ ಬೀಸುತ್ತಾನೆ. ಶಿಳ್ಳೆ ಬೀಳುತ್ತದೆ. ಐದು ಫೌಲಾದರೆ ಆಟದಿಂದಲೇ ಹೊರಗೆ. ಮೊದಲಾರ್ಧದಲ್ಲಿ ಎರಡಾದರೆ ಸಾಕು, ಹೆಚ್ಚಿನ ಕೋಚ್‌ಗಳು ತಾವಾಗಿಯೇ ಕೂರಿಸಿಬಿಡುತ್ತಾರೆ. ನಿಮ್ಮ ಮಗನ ತಂಡದ ಆ ಸೆಂಟರ್ ಬೆಂಚಿನಲ್ಲಿರುವುದು ಯಾವ ಕಾರಣಕ್ಕೆ ಎಂಬುದನ್ನು ನೀವು ಬರೆದಿಲ್ಲ. ದಮ್ಮು, ಫೌಲುಗಳಾದರೆ ಆಸೆ ಇಟ್ಟುಕೊಳ್ಳಿ. ಎದುರಾಳಿಯ ಚುರುಕಾದ ಗಾರ್ಡ್‌ಗಳು (ಹೊರವಲಯದಲ್ಲಿ ಚೆಂಡು ಆಡಿಸುವವರು) ಅವನನ್ನು ಬ್ಯಾಸ್ಕೆಟ್‌ನಿಂದ ದೂರಕ್ಕೆ ಎಳೆದು ಪಕ್ಕದಿಂದ ನುಸುಳಿಹೋಗುತ್ತಿದ್ದರೆ, ಅದು ಒಂದು ಬೇಸಿಗೆಗೆ ವಾಸಿಯಾಗುವ ಕಾಯಿಲೆಯಲ್ಲ.

ಬೇಸಿಗೆಯಲ್ಲಿ ಕಲಿಕೆಯೇ ಆಗುವುದಿಲ್ಲ ಎಂದಲ್ಲ. ನೈಜೀರಿಯಾದ ಲಾಗೋಸ್‌ನಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದ ಹಕೀಮ್ ಒಲಾಜುವಾನ್, ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಆಡಿದ ಮೊದಲ ಸೀಸನ್ನಿನಲ್ಲಿ ಗಳಿಸಿದ್ದು ಸರಾಸರಿ 8.3 ಅಂಕ. ಬೇಸಿಗೆಯಲ್ಲಿ ಹ್ಯೂಸ್ಟನ್ ನಗರದ ಫಾಂಡಿ ಜಿಮ್‌ನಲ್ಲಿ, ಆಗಲೇ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ದಿಗ್ಗಜನಾಗಿದ್ದ ಮೋಸೆಸ್ ಮಲೋನ್‌ನ ಭುಜಕ್ಕೆ ಭುಜ ಕೊಟ್ಟು ಪೆಟ್ಟು ತಿಂದ. ಮರುವರ್ಷ 13.9 ಅಂಕ, 1983ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ತಂಡ ಸೋತರೂ ಅಂತಿಮ ಘಟ್ಟದ ಶ್ರೇಷ್ಠ ಆಟಗಾರ ಅವನೇ. ತನಗಿಂತ ಬಲಶಾಲಿಯ ಎದುರು ಕಳೆದ ಬೇಸಿಗೆಗೂ, ಕನ್ನಡಿ ಮುಂದೆ ಭಾರ ಎತ್ತಿ ಕಳೆದ ಬೇಸಿಗೆಗೂ ಅಜಗಜಾಂತರ.

ಇನ್ನೊಂದು ಮಾತು. 2023ರ ಮಾರ್ಚ್‌ನಲ್ಲಿ, ಅದೇ ರಾಷ್ಟ್ರೀಯ ಟೂರ್ನಿಯಲ್ಲಿ, ಈಡಿ 21 ಅಂಕ, 15 ರಿಬೌಂಡ್ ಗಳಿಸಿಯೂ ಪರ್ಡ್ಯೂ, ಫೇರ್ಲಿ ಡಿಕಿನ್ಸನ್ ಎಂಬ ಕುಳ್ಳರ ತಂಡದ ಎದುರು 63-58ರಿಂದ ಸೋತಿತು. ಎದುರಾಳಿಗಳು ಅವನ ಸುತ್ತ ಮುತ್ತಿಗೆ ಹಾಕಿದರು, ಹೊರಗೆ ನಿಂತಿದ್ದ ಜೊತೆಗಾರರ ಚೆಂಡು ಬುಟ್ಟಿಗೆ ಬೀಳಲಿಲ್ಲ. ಮರುವರ್ಷ ಪರ್ಡ್ಯೂವಿನ ಆ ಗಾರ್ಡ್‌ಗಳು ಪಳಗಿದರು, ಈಡಿ 25.2 ಅಂಕಕ್ಕೇರಿದ, ತಂಡ ಫೈನಲ್ ತಲುಪಿತು. ಹಾಗಾಗಿ ಮಗನನ್ನು ಕೇಳುವಾಗ ಸೆಂಟರ್ ಒಬ್ಬನ ವಿಷಯ ಕೇಳಿದರೆ ಸಾಲದು. ಮೂರು ಅಂಕದ ಗೆರೆಯಾಚೆಯಿಂದ ಎಸೆಯಬಲ್ಲವರು ಯಾರು ಉಳಿದಿದ್ದಾರೆ? ಬೇರೆ ಕಾಲೇಜಿನಿಂದ ಹಿರಿಯ ಸೆಂಟರ್ ಯಾರನ್ನಾದರೂ ಕರೆತಂದಿದ್ದಾರೆಯೇ? ಹೀಗೆ ಆಟಗಾರರು ಕಾಲೇಜು ಬದಲಿಸುವುದು ಈಗ ಅಲ್ಲಿ ಪ್ರತಿ ವಸಂತದ ಸಂತೆ.

ಸೀಸನ್ ಶುರುವಾಗುವ ನವೆಂಬರ್‌ನ ಮೊದಲ ಪಂದ್ಯಗಳಲ್ಲಿ ಅವನು 25 ಅಂಕ ಹೊಡೆದರೂ ಹಿಗ್ಗಬೇಡಿ; ಬಹುಪಾಲು ದುರ್ಬಲ ತಂಡಗಳ ಎದುರೇ ಆಗಿರುತ್ತವೆ. ಜನವರಿಯಲ್ಲಿ, ಸಮಬಲದ ತಂಡದ ಎದುರು ಕೊನೆಯ ಐದು ನಿಮಿಷ ಅವನು ಅಂಗಳದಲ್ಲಿದ್ದರೆ ನಮಗೆ ಮತ್ತೆ ಬರೆಯಿರಿ.

– ಸಂಪಾದಕ