ಅರ್ಹತೆ ಇದ್ದರೂ ಡೇ ಕೇರ್ ನೆರವು ಏಕೆ ಸಿಗುತ್ತಿಲ್ಲ?

ಪ್ರಶ್ನೆ: ನನ್ನ ಅಕ್ಕ ಅಮೆರಿಕದ ಪೌರತ್ವ ಪಡೆದು ಅಲ್ಲಿಯೇ ನೆಲೆಸಿದ್ದಾಳೆ. ವಿಚ್ಛೇದನದ ನಂತರ ಎರಡು ವರ್ಷದ ಮಗನನ್ನು ಒಬ್ಬಳೇ ಸಾಕುತ್ತಿದ್ದು, ಅಂಗಡಿಯೊಂದರಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಾಳೆ. ಡೇ ಕೇರ್ ಶುಲ್ಕಕ್ಕೆ ಸರ್ಕಾರದ ನೆರವು ಕೋರಿ ಅರ್ಜಿ ಹಾಕಿದಳು. ಅರ್ಹಳೆಂದು ಒಪ್ಪಿದ ಕಚೇರಿಯೇ ಅವಳ ಹೆಸರನ್ನು ಕಾಯುವ ಪಟ್ಟಿಗೆ ಸೇರಿಸಿದೆ. ಪಕ್ಕದ ರಾಜ್ಯದಲ್ಲಿರುವ ಅವಳ ಗೆಳತಿಗೆ ಸಂಬಳ ಹೆಚ್ಚಿದ್ದರೂ ಇದೇ ನೆರವು ಸಿಕ್ಕಿದೆ. ಹಣ ಅಲ್ಲಿನ ಕೇಂದ್ರ ಸರ್ಕಾರದ್ದೇ ಆಗಿದ್ದರೆ ಈ ವ್ಯತ್ಯಾಸವೇಕೆ? ನೆರವು ಸಿಕ್ಕ ಮೇಲೆ ಕೆಲಸ ಹೋದರೆ ಅದೂ ನಿಂತುಹೋಗುತ್ತದೆಯೇ?

ಉತ್ತರ: ನಿಮ್ಮ ಅಕ್ಕನ ಅರ್ಜಿಯಲ್ಲಿ ಯಾವ ದೋಷವೂ ಇದ್ದಂತಿಲ್ಲ. ಅಮೆರಿಕದಲ್ಲಿ ಆಹಾರ ನೆರವಿನ ಯೋಜನೆಯಾದ ಸ್ನ್ಯಾಪ್‌ನ ಅರ್ಹತೆ ಪಡೆದ ಕುಟುಂಬಕ್ಕೆ ಆ ನೆರವು ಸಿಗಲೇಬೇಕು. ಶಿಶುಪಾಲನೆಯ ನೆರವಿಗೆ ಅಂಥ ಖಾತರಿಯಿಲ್ಲ. ಇದು ಹಣ ಇರುವಷ್ಟು ಮಂದಿಗೆ ಮಾತ್ರ ತಲುಪುವ ಯೋಜನೆ. 1996ರ ಕಲ್ಯಾಣ ಸುಧಾರಣಾ ಕಾಯ್ದೆ ಬರುವ ಮೊದಲು, ಸರ್ಕಾರದ ನಗದು ನೆರವು ಪಡೆಯುತ್ತ ಕೆಲಸಕ್ಕೋ ತರಬೇತಿಗೋ ಹೋಗುವ ತಾಯಂದಿರಿಗೆ ಶಿಶುಪಾಲನೆಯ ಖಾತರಿ ಇತ್ತು. ಆ ಕಾಯ್ದೆ ಅದನ್ನು ತೆಗೆದುಹಾಕಿ, ಚದುರಿದ್ದ ಹಣದ ಮೂಲಗಳನ್ನು ಕೂಡಿಸಿ ರಾಜ್ಯಗಳ ಕೈಗೆ ಕೊಟ್ಟಿತು. ದುಡಿಯಲು ಹೊರಡುವ ತಾಯಿಗೆ ಮಗುವನ್ನು ಬಿಡುವ ಜಾಗದ ಭರವಸೆಯನ್ನು ಕಿತ್ತುಕೊಂಡದ್ದು ದೊಡ್ಡ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಇದಕ್ಕೂ ಹಿಂದೆ, 1971ರಲ್ಲಿ, ದೇಶದಾದ್ಯಂತ ಶಿಶುಪಾಲನಾ ಕೇಂದ್ರಗಳನ್ನು ಕಟ್ಟುವ ಮಸೂದೆಗೆ ಸಂಸತ್ತಿನ ಎರಡೂ ಸದನಗಳು ಒಪ್ಪಿಗೆ ಕೊಟ್ಟಿದ್ದರೂ ಅಧ್ಯಕ್ಷ ನಿಕ್ಸನ್ ಅದನ್ನು ತಮ್ಮ ವೀಟೊ ಅಧಿಕಾರದಿಂದ ತಡೆದರು.

ಈಗಿನ ವ್ಯವಸ್ಥೆಗೆ ಆಧಾರ 1990ರ ಶಿಶುಪಾಲನಾ ಅನುದಾನ ಕಾಯ್ದೆ. 2014ರಲ್ಲಿ ಅದನ್ನು ಗಣನೀಯವಾಗಿ ತಿದ್ದಲಾಯಿತು. ಹಣ ರಾಜ್ಯಕ್ಕೆ ಒಂದೇ ಕಾಲುವೆಯಲ್ಲಿ ಹರಿದುಬರುವುದಿಲ್ಲ. ಒಂದು ಭಾಗವನ್ನು ಸಂಸತ್ತು ವರ್ಷವರ್ಷವೂ ಬಜೆಟ್‌ನಲ್ಲಿ ತೀರ್ಮಾನಿಸುತ್ತದೆ. ಇನ್ನೊಂದು ಭಾಗ ಕಾನೂನಿನಲ್ಲೇ ನಿಗದಿಯಾಗಿದ್ದು, 2021ರಿಂದ ಅದು ವರ್ಷಕ್ಕೆ 355 ಕೋಟಿ ಡಾಲರ್. ಬೆಲೆ ಏರಿದಂತೆ ಅದು ತಾನಾಗಿ ಏರುವುದಿಲ್ಲ. ಈ ಎರಡನೆಯ ಭಾಗದಲ್ಲಿ ಒಂದಷ್ಟು ಹಣವನ್ನು ಪಡೆಯಬೇಕಾದರೆ ರಾಜ್ಯವು ತನ್ನ ಬೊಕ್ಕಸದಿಂದಲೂ ಹೊಂದಾಣಿಕೆಯ ಪಾಲು ಹಾಕಬೇಕು. ಇದಲ್ಲದೆ, ಬಡ ಕುಟುಂಬಗಳ ನಗದು ನೆರವಿಗೆಂದು ಬಂದ ಅನುದಾನದಲ್ಲಿ ಶೇ 30ರವರೆಗೆ ಶಿಶುಪಾಲನೆಗೆ ವರ್ಗಾಯಿಸಿಕೊಳ್ಳುವ ಅವಕಾಶವೂ ರಾಜ್ಯಕ್ಕಿದೆ. ಒಂದು ರಾಜ್ಯ ಇವೆಲ್ಲವನ್ನೂ ಬಳಸಿ, ಕಡ್ಡಾಯ ಪಾಲಿಗಿಂತ ಹೆಚ್ಚೇ ಸೇರಿಸಬಹುದು. ಮತ್ತೊಂದು ಕನಿಷ್ಠಕ್ಕೆ ನಿಲ್ಲಬಹುದು. ಕಾಯುವ ಪಟ್ಟಿಯ ಉದ್ದ ಬಹುಮಟ್ಟಿಗೆ ತೀರ್ಮಾನವಾಗುವುದು ಇಲ್ಲಿಯೇ.

ಅರ್ಹತೆಯ ಗೆರೆಯೂ ಹೀಗೆಯೇ. ಕೇಂದ್ರದ ಕಾನೂನು ಗರಿಷ್ಠ ಮಿತಿಯನ್ನಷ್ಟೇ ಹೇಳುತ್ತದೆ: ಮಗುವಿಗೆ 13 ವರ್ಷ ತುಂಬಿರಬಾರದು, ಕುಟುಂಬದ ಆದಾಯವು ಆ ರಾಜ್ಯದ ಮಧ್ಯಾಂಕ ಆದಾಯದ (ಅರ್ಧದಷ್ಟು ಕುಟುಂಬಗಳ ಗಳಿಕೆ ಇದಕ್ಕಿಂತ ಕಡಿಮೆ, ಉಳಿದರ್ಧದ್ದು ಹೆಚ್ಚು) ಶೇ 85ನ್ನು ಮೀರಬಾರದು, ಪೋಷಕರು ದುಡಿಯುತ್ತಿರಬೇಕು ಇಲ್ಲವೇ ಓದು, ತರಬೇತಿಯಲ್ಲಿರಬೇಕು. ಆದಾಯದ ಗೆರೆಯನ್ನು ಇದಕ್ಕಿಂತ ಕೆಳಗೆ ಎಳೆಯುವ ಸ್ವಾತಂತ್ರ್ಯ ರಾಜ್ಯಗಳಿಗಿದೆ. ಹಲವು ರಾಜ್ಯಗಳು ಹಾಗೆ ಮಾಡಿವೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದದ್ದು ನ್ಯೂ ಮೆಕ್ಸಿಕೊ. ಅದು ಶ್ರೀಮಂತ ರಾಜ್ಯವೇನಲ್ಲ. ಆದರೆ 2020ರಲ್ಲಿ ಎಳೆಯ ಮಕ್ಕಳಿಗೆಂದೇ ಪ್ರತ್ಯೇಕ ನಿಧಿ ಸ್ಥಾಪಿಸಿತು. 2022ರಲ್ಲಿ ಮತದಾರರ ಒಪ್ಪಿಗೆಯಿಂದ ಸಂವಿಧಾನ ತಿದ್ದಿ, ತೈಲ ಮತ್ತು ಅನಿಲದ ಆದಾಯದಿಂದ ಬೆಳೆದ ಶಾಶ್ವತ ನಿಧಿಯ ಇನ್ನಷ್ಟು ಹಣವನ್ನು ಇತ್ತ ತಿರುಗಿಸಿತು. 2025ರ ನವೆಂಬರ್‌ನಿಂದ ಆದಾಯದ ಮಿತಿಯನ್ನೇ ತೆಗೆದುಹಾಕಿತು. ಆದ್ದರಿಂದ ನಿಮ್ಮ ಅಕ್ಕನ ಗೆಳತಿಗೆ ಸಿಕ್ಕದ್ದು ಆಕಸ್ಮಿಕವಲ್ಲ, ಆಕೆಯ ರಾಜ್ಯದ ಶಾಸಕರು ಕೈಗೊಂಡ ತೀರ್ಮಾನದ ಫಲ.

ಪಟ್ಟಿಯಿಂದ ಹೆಸರು ಮೇಲೆ ಬಂದ ನಂತರ ಎದುರಾಗುವ ಮತ್ತೊಂದು ತೊಡಕನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ನೆರವು ಸಾಮಾನ್ಯವಾಗಿ ವೋಚರ್ ರೂಪದಲ್ಲಿ ಬರುತ್ತದೆ. ಅದನ್ನು ಸ್ವೀಕರಿಸುವ ಕೇಂದ್ರವನ್ನು ತಾಯಿಯೇ ಹುಡುಕಿಕೊಳ್ಳಬೇಕು. ಕೇಂದ್ರಗಳಿಗೆ ಎಷ್ಟು ಕೊಡಬೇಕೆಂಬುದನ್ನು ನಿರ್ಧರಿಸಲು ರಾಜ್ಯಗಳು ಮೂರು ವರ್ಷಕ್ಕೊಮ್ಮೆಯಾದರೂ ಮಾರುಕಟ್ಟೆಯ ದರ ಅಥವಾ ನಿಜವಾದ ವೆಚ್ಚದ ಅಧ್ಯಯನ ನಡೆಸಬೇಕು. ನಾಲ್ಕರಲ್ಲಿ ಮೂರು ಸ್ಥಾನಗಳ ಶುಲ್ಕವನ್ನು ಭರಿಸುವಷ್ಟು ದರ ಇರಬೇಕೆಂಬುದು ಕೇಂದ್ರ ಸರ್ಕಾರದ ಬಹುಕಾಲದ ಶಿಫಾರಸು, ಆದರೆ ಅದು ಶಿಫಾರಸು ಮಾತ್ರ. ದರ ಕಡಿಮೆಯಾದಾಗ ಒಳ್ಳೆಯ ಕೇಂದ್ರಗಳು ವೋಚರ್ ಮಕ್ಕಳನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತವೆ, ಇಲ್ಲವೇ ರಾಜ್ಯ ಅನುಮತಿಸಿದ ಕಡೆ ವ್ಯತ್ಯಾಸದ ಹಣವನ್ನು ತಾಯಿಯಿಂದಲೇ ಕೇಳುತ್ತವೆ. ಎಳೆಯ ಮಕ್ಕಳಿಗೆ ಆರೈಕೆಯವರು ಹೆಚ್ಚು ಬೇಕಾಗುವುದರಿಂದ ಎರಡು ವರ್ಷದ ಮಗುವಿಗೆ ಜಾಗ ಸಿಗುವುದು ಇನ್ನೂ ಕಷ್ಟ. ವೋಚರ್ ಕೈಗೆ ಬರುವವರೆಗೆ ಕಾಯದೆ, ಮನೆಯ ಹತ್ತಿರದ ಯಾವ ಯಾವ ಕೇಂದ್ರಗಳು ಅದನ್ನು ಒಪ್ಪುತ್ತವೆ, ಮೇಲಿನಿಂದ ಎಷ್ಟು ಕೇಳುತ್ತವೆ ಎಂದು ಈಗಲೇ ವಿಚಾರಿಸಿಡಲು ಅವರಿಗೆ ಹೇಳಿ.

ನಿಮ್ಮ ಎರಡನೆಯ ಪ್ರಶ್ನೆಗೆ ಸಮಾಧಾನದ ಉತ್ತರವಿದೆ. 2014ರ ತಿದ್ದುಪಡಿಯ ಪ್ರಕಾರ, ಒಮ್ಮೆ ಅರ್ಹತೆ ಮಂಜೂರಾದರೆ ಅದು ಕನಿಷ್ಠ 12 ತಿಂಗಳು ಊರ್ಜಿತ. ನಡುವೆ ಸಂಬಳ ಸ್ವಲ್ಪ ಏರಿದರೂ, ಆದಾಯ ಶೇ 85ರ ಮಿತಿಯೊಳಗೆ ಇರುವವರೆಗೆ ನೆರವನ್ನು ನಿಲ್ಲಿಸುವಂತಿಲ್ಲ. ಅನಾರೋಗ್ಯದಂಥ ಕಾರಣದಿಂದ ಕೆಲಸಕ್ಕೆ ತಾತ್ಕಾಲಿಕ ವಿರಾಮ ಬಿದ್ದರೂ ಅದು ಮುಂದುವರಿಯುತ್ತದೆ. ಕೆಲಸವೇ ಹೋದರೆ ನೆರವು ನಿಲ್ಲಿಸುವ ಆಯ್ಕೆ ರಾಜ್ಯಕ್ಕಿದೆಯಾದರೂ, ಹೊಸ ಕೆಲಸ ಹುಡುಕಲು ಕನಿಷ್ಠ ಮೂರು ತಿಂಗಳು ಅದನ್ನು ಮುಂದುವರಿಸಲೇಬೇಕು.

ಸದ್ಯಕ್ಕೆ ಅವರು ಮಾಡಬಹುದಾದ ಕೆಲಸಗಳಿವೆ. ಅತಿ ಕಡಿಮೆ ಆದಾಯದ ಕುಟುಂಬಗಳಿಗೆ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಮತ್ತು ನೆಲೆಯಿಲ್ಲದ ಕುಟುಂಬಗಳ ಮಕ್ಕಳಿಗೆ ಆದ್ಯತೆ ನೀಡಬೇಕೆಂದು ಕಾನೂನು ಹೇಳುವುದರಿಂದ, ತಾವು ಯಾವ ಆದ್ಯತಾ ಗುಂಪಿನಲ್ಲಿದ್ದೇವೆಂದು ಕಚೇರಿಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಲಿ. ವಿಳಾಸ ಬದಲಾದರೆ ತಿಳಿಸಲಿ. ಪತ್ರಕ್ಕೆ ಉತ್ತರ ಬರಲಿಲ್ಲವೆಂದು ಪಟ್ಟಿಯಿಂದ ಹೆಸರು ತೆಗೆಯುವುದುಂಟು. ಜೊತೆಗೆ, ಮೂರು ವರ್ಷದೊಳಗಿನ ಮಕ್ಕಳಿಗಾಗಿ ಇರುವ ಅರ್ಲಿ ಹೆಡ್ ಸ್ಟಾರ್ಟ್ ಯೋಜನೆಗೆ ಪ್ರತ್ಯೇಕವಾಗಿ ಅರ್ಜಿ ಹಾಕಲಿ. ಅದರ ಹಣ ಕೇಂದ್ರ ಸರ್ಕಾರದಿಂದ ನೇರವಾಗಿ ಸ್ಥಳೀಯ ಸಂಸ್ಥೆಗಳಿಗೆ ಬರುತ್ತದೆ, ಹಾಗಾಗಿ ರಾಜ್ಯದ ಕಾಯುವ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲ ಕಡೆಯೂ ಅದು ದಿನವಿಡೀ ನಡೆಯುವುದಿಲ್ಲವಾದ್ದರಿಂದ, ಅಂಗಡಿಯ ಪಾಳಿಗೆ ಹೊಂದುವ ಸಮಯವಿದೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.